ಸಿರಾವೇಧ: ಅಂದು ಮತ್ತು ಇಂದು

ಲೇಪಾಕ್ಷಿಯ ನಾಗಲಿಂಗವನ್ನು ಕಾಣದವರು ನಮ್ಮ ಸೀಮೆಯಲ್ಲಿ ವಿರಳ. ಹಿಂದೂಪುರದಿಂದ ಮೂಡಲಿಗೆ ಸುಮಾರು 15 ಕಿಲೋಮೀಟರ್ ದೂರದಲ್ಲಿರುವ ಆ ದೇಗುಲದ ಆವರಣದಲ್ಲಿ ಏಳು ಹೆಡೆಯ ನಾಗನು ಲಿಂಗಕ್ಕೆ ನೆರಳಾಗಿ ನಿಂತಿದ್ದಾನೆ. ಅಲ್ಲಿಂದ ಕಲ್ಯಾಣದುರ್ಗದವರೆಗೆ ಯಾವ ಊರಿಗೆ ಹೋದರೂ ಅರಳಿಯ ಕಟ್ಟೆಯ ಮೇಲೆ ನಾಗರಕಲ್ಲುಗಳು ಕಣ್ಣಿಗೆ ಬೀಳುತ್ತವೆ. ಆ ಕಲ್ಲುಗಳಿಗೆ ಹಾಲೆರೆಯುವ ಭಕ್ತಿಯ ಹಿಂದೆ ಭಯವೂ ಇದೆಯೆಂಬುದನ್ನು ಮರೆಯಲಾಗದು. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆಯನ್ನಷ್ಟೇ ಕಾಣುವ ಈ ಕೆಂಪು ನೆಲದಲ್ಲಿ ಕಡಲೆಕಾಯಿಯೇ ರೈತನ ಮುಖ್ಯ ಬೆಳೆ. ಬಗ್ಗಿದ ಬೆನ್ನು, ಬರಿಯ ಕೈ, ಬರಿಗಾಲು, ಇವುಗಳಿಂದ ನಡೆಯುವ ಬೇಸಾಯವಿದು. ಇಲಿಗಳಿರುವ ಹೊಲಕ್ಕೆ ಹಾವುಗಳೂ ಬರುತ್ತವೆ.

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ವಿದ್ಯಾರ್ಥಿಯೊಬ್ಬನ ತಂದೆಗೆ ಕಡಲೆಕಾಯಿ ಕೀಳುವಾಗ ಕೊಳಕುಮಂಡಲ ಕಚ್ಚಿತು. ಊರಿನ ವೃದ್ಧರೊಬ್ಬರು ಕಾಲಿಗೆ ಹಗ್ಗ ಬಿಗಿದು, ಕಚ್ಚಿದ ಜಾಗವನ್ನು ಕ್ಷೌರದ ಬ್ಲೇಡಿನಿಂದ ಕೊಯ್ದರು. ಕೆಟ್ಟ ನೆತ್ತರು ಹೋದರೆ ವಿಷವೂ ಹೋಗುವುದೆಂಬುದು ಅವರ ನಂಬಿಕೆ. ಅವರ ಉದ್ದೇಶದಲ್ಲಿ ಯಾವ ದೋಷವೂ ಇರಲಿಲ್ಲ. ಆದರೆ ನೆತ್ತರು ನಿಲ್ಲಲೇ ಇಲ್ಲ. ಸುದ್ದಿ ತಿಳಿದು ನಾವು ಆಸ್ಪತ್ರೆಗೆ ಹೋದಾಗ ವೈದ್ಯರು ರೋಗಿಯ ತೋಳಿನ ಸಿರೆಯಿಂದ ಮತ್ತೆ ಒಂದಿಷ್ಟು ನೆತ್ತರನ್ನು ತೆಗೆಯುತ್ತಿದ್ದರು. ಅದನ್ನು ಕಂಡ ಹುಡುಗನ ಅಜ್ಜಿ ನಮ್ಮ ಕಡೆಗೆ ತಿರುಗಿ, “ಮೇಷ್ಟ್ರೇ, ಈಗಾಗ್ಲೇ ಇಷ್ಟೊಂದು ನೆತ್ರು ಹೋಗೈತೆ. ಇನ್ನೂ ಯಾಕೆ ತೆಗೀತಾರೆ ಸ್ವಾಮಿ?” ಎಂದು ಕೇಳಿದರು.

ನಮಗೆ ಉತ್ತರ ತಿಳಿಯಲಿಲ್ಲ. ವಿದ್ವತ್ ಪರೀಕ್ಷೆಗೆ ಓದುವಾಗ ವಿಷವೈದ್ಯವನ್ನು ಕುರಿತ ಕನ್ನಡ ಕಾವ್ಯದ ಹೆಸರನ್ನೂ ಕವಿಯ ಕಾಲವನ್ನೂ ಕಂಠಪಾಠ ಮಾಡಿದ್ದ ನಾವು, ವಿಷವೇರಿದ ನೆತ್ತರು ಏನಾಗುತ್ತದೆ ಎಂಬುದನ್ನು ಮಾತ್ರ ಅರಿತಿರಲಿಲ್ಲ. ಆ ತಾಯಿಯ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತ ಹೋದಾಗ ನಮಗೆ ದೊರೆತ ಚರಿತ್ರೆಯನ್ನು ಈ ಸಂಚಿಕೆಯ ಮೂಲಕ ವಾಚಕರ ಮುಂದಿಡುತ್ತಿದ್ದೇವೆ.

ಸಿರೆಯನ್ನು ಚುಚ್ಚಿ ನೆತ್ತರನ್ನು ಹೊರತೆಗೆಯುವ ಕ್ರಿಯೆಗೆ ನಮ್ಮ ಪ್ರಾಚೀನರು ಸಿರಾವೇಧ ಅಥವಾ ಸಿರಾವ್ಯಧ ಎಂದು ಹೆಸರಿಟ್ಟರು. ಕೊಂಬು, ಜಿಗಣೆ, ಸೋರೆಬುರುಡೆಗಳಿಂದ ನೆತ್ತರನ್ನು ಹೀರಿ ತೆಗೆಯುವುದೂ ಸೇರಿ ಇವೆಲ್ಲಕ್ಕೂ ರಕ್ತಮೋಕ್ಷಣವೆಂಬುದು ಸಾಮಾನ್ಯನಾಮ. ಸುಮಾರು ಎರಡು ಸಾವಿರ ವರ್ಷಗಳಷ್ಟು ಹಿಂದಿನದೆಂದು ಹೇಳಲಾಗುವ ಸುಶ್ರುತಸಂಹಿತೆಯಲ್ಲಿ ಇದರ ವಿಧಿ ವಿಸ್ತಾರವಾಗಿ ಬಂದಿದೆ. ವಾಗ್ಭಟನ ಅಷ್ಟಾಂಗಹೃದಯವೂ ಇದಕ್ಕೆ ಒಂದು ಅಧ್ಯಾಯವನ್ನೇ ಮೀಸಲಾಗಿಟ್ಟಿದೆ. ಶಸ್ತ್ರವೈದ್ಯದಲ್ಲಿ ಸಿರಾವೇಧವು ಚಿಕಿತ್ಸೆಯ ಅರ್ಧಭಾಗವೆನಿಸುವಷ್ಟು ಮಹತ್ತ್ವದ್ದೆಂದು ಸುಶ್ರುತನ ಅಭಿಪ್ರಾಯ.

ಆ ಗ್ರಂಥವನ್ನು ಓದುವವನಿಗೆ ಮೊದಲು ಬೆರಗನ್ನುಂಟುಮಾಡುವುದು ಅದರಲ್ಲಿರುವ ಎಚ್ಚರ. ದೇಹದಲ್ಲಿ 700 ಸಿರೆಗಳಿವೆಯೆಂದು ಲೆಕ್ಕ ಹೇಳಿ, ಅವುಗಳಲ್ಲಿ 98ನ್ನು ಎಂದಿಗೂ ಚುಚ್ಚಬಾರದೆಂದು ಸುಶ್ರುತನು ವಿಧಿಸುತ್ತಾನೆ. ಅಂಥವು ಕೈಕಾಲುಗಳಲ್ಲಿ 16, ಮುಂಡದಲ್ಲಿ 32, ಕೊರಳು ಮತ್ತು ತಲೆಯ ಭಾಗದಲ್ಲಿ 50. ಈ ಎಣಿಕೆ ಇಂದಿನ ಅಂಗರಚನಾಶಾಸ್ತ್ರಕ್ಕೆ ಹೊಂದದಿರಬಹುದು. ಚುಚ್ಚಬಾರದ ಜಾಗವನ್ನು ತಿಳಿಯದವನು ಸೂಜಿಯನ್ನು ಮುಟ್ಟಬಾರದೆಂಬ ತತ್ತ್ವ ಮಾತ್ರ ಇಂದಿಗೂ ನಿಂತಿದೆ. ಚುಚ್ಚುವ ಜಾಗದ ಮೇಲುಗಡೆ ಬಟ್ಟೆಯನ್ನು ಕಟ್ಟಿ ಸಿರೆಯನ್ನು ಉಬ್ಬಿಸಬೇಕು; ಮಾಂಸಲವಾದೆಡೆಯಲ್ಲಿ ಒಂದು ಜವೆಗೋಧಿಯ ಕಾಳಿನಷ್ಟು ಆಳಕ್ಕೆ ಮಾತ್ರ ಶಸ್ತ್ರ ಇಳಿಯಬೇಕು; ಮೋಡ ಕವಿದ ದಿನ ಈ ಕೆಲಸಕ್ಕೆ ಕೈಹಾಕಬಾರದು; ಬೇಸಗೆಯಲ್ಲಿ ತಂಪುಹೊತ್ತು, ಚಳಿಗಾಲದಲ್ಲಿ ನಡುಹಗಲು ಇದಕ್ಕೆ ತಕ್ಕ ಸಮಯ. ವೈದ್ಯನು ಮಾಡಬಹುದಾದ ತಪ್ಪುಗಳಲ್ಲೇ 20 ಬಗೆಗಳನ್ನು ಹೆಸರಿಸಲಾಗಿದೆ. ನೆತ್ತರನ್ನು ನಿಲ್ಲಿಸಲು 4 ಉಪಾಯಗಳನ್ನೂ ಹೇಳಲಾಗಿದೆ.

ಪ್ರಮಾಣದ ವಿಷಯದಲ್ಲಿಯೂ ಕಟ್ಟುನಿಟ್ಟು ಇದ್ದಿತು. ಬಲಿಷ್ಠನಾದ ಪ್ರಾಪ್ತವಯಸ್ಕನಿಂದಲೂ ಒಂದು ಪ್ರಸ್ಥಕ್ಕಿಂತ ಹೆಚ್ಚು ನೆತ್ತರನ್ನು ತೆಗೆಯಕೂಡದು. ರಕ್ತಮೋಕ್ಷಣದಲ್ಲಿ ಪ್ರಸ್ಥವೆಂದರೆ ಹದಿಮೂರೂವರೆ ಪಲವೆಂಬ ಸಂಪ್ರದಾಯವಿದೆ. ಪಲಕ್ಕೆ 48 ಗ್ರಾಂ ಹಿಡಿದರೆ ಅದು ಸುಮಾರು 650 ಗ್ರಾಂ ಆಗುತ್ತದೆ. ಮಕ್ಕಳು, ಮುದುಕರು, ಗರ್ಭಿಣಿಯರು, ಉಪವಾಸವಿದ್ದವರು, ದಣಿದವರು, ಬಡಕಲಾದವರು, ಇವರಾರ ಸಿರೆಯನ್ನೂ ಮುಟ್ಟಕೂಡದು. ಈ ಪಟ್ಟಿಯಲ್ಲಿ ಅಂಜುಬುರುಕರೂ ಸೇರಿದ್ದಾರೆ. ನೆತ್ತರೇ ದೇಹಕ್ಕೆ ಮೂಲ, ಅದನ್ನು ಪ್ರಯತ್ನಪೂರ್ವಕವಾಗಿ ಕಾಪಾಡಬೇಕೆಂಬುದು ಆ ಶಾಸ್ತ್ರದ ಅಡಿಗಲ್ಲು.

ಆದರೆ ಈ ನಿಷೇಧಗಳಿಗೆ ಒಂದು ಅಪವಾದವಿದೆ. ವಿಷವೇರಿದಾಗ ಮತ್ತು ಪ್ರಾಣಾಪಾಯದ ಸಮಯದಲ್ಲಿ, ಬೇರೆ ವೇಳೆಯಲ್ಲಿ ಬೇಡವೆಂದವರ ಸಿರೆಯನ್ನು ಸಹ ಚುಚ್ಚಬಹುದು. ಹಾವು ಕಚ್ಚಿದರೆ ಕಡಿತದ ಜಾಗಕ್ಕಿಂತ ನಾಲ್ಕು ಅಂಗುಲ ಮೇಲೆ ಕಟ್ಟು ಕಟ್ಟುವುದು, ಕೊಯ್ಯುವುದು, ಹೀರುವುದು, ಸುಡುವುದು, ಸಿರೆಯಿಂದ ನೆತ್ತರನ್ನು ಹರಿಸುವುದು, ಇವೆಲ್ಲ ಕಲ್ಪಸ್ಥಾನದಲ್ಲಿ ಬಂದಿವೆ. ನಮ್ಮ ವಿದ್ಯಾರ್ಥಿಯ ಊರಿನ ವೃದ್ಧರು ಸುಶ್ರುತನ ಹೆಸರನ್ನು ಕೇಳಿದ್ದರೋ ಇಲ್ಲವೋ, ಅವರ ಕೈಯಲ್ಲಿದ್ದ ಬ್ಲೇಡು ಈ ಅಪವಾದದ ದೂರದ ವಾರಸುದಾರನೆಂಬುದರಲ್ಲಿ ಸಂದೇಹವಿಲ್ಲ.

ಈ ವೈದ್ಯವಿದ್ಯೆ ಸಂಸ್ಕೃತದಲ್ಲಿಯೇ ಉಳಿಯಲಿಲ್ಲ. ಕನ್ನಡದಲ್ಲಿ ಬಹು ಹಿಂದೆಯೇ ವೈದ್ಯಗ್ರಂಥಗಳು ಹುಟ್ಟಿದುವು. ಚಾವುಂಡರಾಯನ ಲೋಕೋಪಕಾರವು ಸುಮಾರು 1025ರಲ್ಲಿ, ಕೀರ್ತಿವರ್ಮನ ಗೋವೈದ್ಯವು ಸುಮಾರು 1125ರಲ್ಲಿ, ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕವು ಸುಮಾರು 1150ರಲ್ಲಿ ರಚಿತವಾದುವು. ವಿಜಯನಗರದ ಆರಂಭಕಾಲದಲ್ಲಿ, ಸುಮಾರು 1360ರಲ್ಲಿ, ಮಂಗರಾಜನು ಸ್ಥಾವರ ಜಂಗಮ ವಿಷಗಳೆರಡನ್ನೂ ಕುರಿತು ಖಗೇಂದ್ರಮಣಿದರ್ಪಣವನ್ನು ಬರೆದನು. ಖಗೇಂದ್ರನೆಂದರೆ ಹಾವುಗಳ ವೈರಿಯಾದ ಗರುಡ. 16 ಅಧಿಕಾರಗಳ ಈ ಗ್ರಂಥವನ್ನು ಆಧುನಿಕ ಕಾಲದಲ್ಲಿ ಅಚ್ಚು ಹಾಕಿಸಿದುದು ಮದರಾಸು ವಿಶ್ವವಿದ್ಯಾಲಯ. ನಮ್ಮ ಸೀಮೆಯೂ ಒಂದು ಕಾಲದಲ್ಲಿ ಮದರಾಸು ಪ್ರಾಂತಕ್ಕೇ ಸೇರಿದ್ದಿತು.

ಈ ಗ್ರಂಥಗಳು ನಮ್ಮವೆಂದು ಹೇಳಿಕೊಳ್ಳಲು ನಮಗೆ ಯಾವ ಸಂಕೋಚವೂ ಬೇಡ. ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು ಇಂದಿನ ಹೇಮಾವತಿಯೇ. ಅಲ್ಲಿಯೂ ಲೇಪಾಕ್ಷಿಯಲ್ಲಿಯೂ ಕನ್ನಡ ಶಾಸನಗಳು ಕಲ್ಲಿನ ಮೇಲಿವೆ. 1953ರಲ್ಲಿ ಆಂಧ್ರ ರಾಜ್ಯವೂ 1956ರಲ್ಲಿ ಆಂಧ್ರಪ್ರದೇಶವೂ ಆದುವು. 2022ರಲ್ಲಿ ಹಿಂದೂಪುರವು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿ, ಕಲ್ಯಾಣದುರ್ಗವು ಅನಂತಪುರ ಜಿಲ್ಲೆಯಲ್ಲಿ ಉಳಿಯಿತು. ಗಡಿಗಳು ಹೀಗೆ ಬದಲಾಗುತ್ತಿದ್ದರೂ ಮನೆಯ ಮಾತು ಉಳಿದಿದೆ. ನಾವು ನೆತ್ತರು ಎಂದರೆ ತೆಲುಗಿನ ನೆರೆಯವರು ನೆತ್ತುರು ಎನ್ನುತ್ತಾರೆ. ನಮ್ಮ ಕಟ್ಟುಹಾವು ಅವರಿಗೆ ಕಟ್ಲಪಾಮು. ನಾವು ಕೊಳಕುಮಂಡಲವೆಂದು ಕರೆಯುವ ಹಾವನ್ನು ಅವರು ರಕ್ತಪಿಂಜರಿ ಎನ್ನುತ್ತಾರೆ. ಸುಶ್ರುತನು ವಿಷದ ಹಾವುಗಳನ್ನು ವಿಂಗಡಿಸುವಾಗ ಹೆಡೆಯುಳ್ಳವು, ಮಂಡಲಗಳುಳ್ಳವು, ಗೆರೆಗಳುಳ್ಳವು ಎಂದು ಮುಖ್ಯ ಪಂಗಡಗಳನ್ನು ಮಾಡಿದ್ದಾನೆ. ಆ ಮಂಡಲಶಬ್ದವು ಕನ್ನಡದ ಹೆಸರಿನಲ್ಲಿದೆ. ರಕ್ತಶಬ್ದವು ತೆಲುಗಿನ ಹೆಸರಿನಲ್ಲಿದೆ. ಈ ಎರಡು ಹೆಸರುಗಳನ್ನೂ ಬಲ್ಲ ಗಡಿನಾಡಿನವರು ಆ ಹಾವಿನ ಮೈಯನ್ನೂ ಅದರ ವಿಷದ ಗುಣವನ್ನೂ ಒಟ್ಟಿಗೇ ನೆನೆಯಬಹುದು. ಆ ಗುಣವೇನೆಂಬುದನ್ನು ಮುಂದೆ ಹೇಳುತ್ತೇವೆ.

ಸಿರಾವೇಧವು ಭಾರತದಲ್ಲಿ ಮಾತ್ರ ಇದ್ದ ಪದ್ಧತಿಯಲ್ಲ. ಗ್ರೀಕ್ ವೈದ್ಯರ ಕಾಲದಿಂದಲೂ ಯೂರೋಪಿನಲ್ಲಿ ಇದು ನಡೆದುಬಂದಿತು. ಎರಡನೆಯ ಶತಮಾನದ ಗ್ಯಾಲೆನನ ಪ್ರಭಾವದಿಂದ ಅದು ಸಾವಿರಕ್ಕೂ ಹೆಚ್ಚು ವರ್ಷ ಬೇರೂರಿ, ಅಲ್ಲಿನ ಕ್ಷೌರಿಕರು ಸಹ ಸಿರೆಯನ್ನು ಕೊಯ್ಯುವ ಕೆಲಸ ಮಾಡುತ್ತಿದ್ದರು. ನೆತ್ತರು ತೆಗೆಯುವವರು ತೋಳಿಗೆ ಪಟ್ಟಿ ಕಟ್ಟಿದಾಗ ಸಿರೆ ಕಟ್ಟಿನ ಕೆಳಗೆ ಏಕೆ ಉಬ್ಬುತ್ತದೆ, ಮೇಲೆ ಏಕೆ ಉಬ್ಬುವುದಿಲ್ಲ? ಎಲ್ಲರೂ ಕಂಡಿದ್ದ ಈ ಸಂಗತಿಯನ್ನು ಇಂಗ್ಲೆಂಡಿನ ವಿಲಿಯಂ ಹಾರ್ವೆಯು ಪರೀಕ್ಷಿಸಿದನು. ಸಿರೆಯಲ್ಲಿ ನೆತ್ತರು ಹೃದಯದ ಕಡೆಗೇ ಹರಿಯುತ್ತದೆ, ಹೃದಯವು ಅದನ್ನು ಮತ್ತೆ ದೇಹಕ್ಕೆ ನೂಕುತ್ತದೆ ಎಂದು 1628ರ ತನ್ನ ಗ್ರಂಥದಲ್ಲಿ ತೋರಿಸಿಕೊಟ್ಟನು.

ನೆತ್ತರಿನ ಪರಿಚಲನೆ ತಿಳಿದ ಮೇಲೂ ನೆತ್ತರು ಹರಿಸುವ ಚಿಕಿತ್ಸೆ ನಿಲ್ಲಲಿಲ್ಲ. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ನನಿಗೆ 1799ರ ಡಿಸೆಂಬರಿನಲ್ಲಿ ಗಂಟಲಿನ ಬೇನೆ ಬಂದಾಗ, ಒಂದು ದಿನದೊಳಗೆ ಎರಡು ಲೀಟರಿಗೂ ಹೆಚ್ಚು ನೆತ್ತರನ್ನು ತೆಗೆದರೆಂದು ಅಂದಾಜು. ಅಂದಿನ ರಾತ್ರಿಯೇ ಅವನು ತೀರಿಕೊಂಡನು. ಸುಶ್ರುತನ ಪ್ರಸ್ಥದ ಮಿತಿಯನ್ನು ಇದರೊಡನೆ ಹೋಲಿಸಿ ನೋಡಬಹುದು.

ಈ ನಂಬಿಕೆಯನ್ನು ಅಲುಗಿಸಿದುದು ಎಣಿಕೆ. ಪ್ಯಾರಿಸಿನ ವೈದ್ಯ ಪಿಯರ್ ಲೂಯಿ ಎಂಬವನು ಶ್ವಾಸಕೋಶದ ಉರಿಯೂತದಿಂದ ನರಳುತ್ತಿದ್ದ 77 ರೋಗಿಗಳ ಲೆಕ್ಕವನ್ನು ಬರೆದಿಟ್ಟನು. ರೋಗದ ಮೊದಲ 4 ದಿನಗಳಲ್ಲಿ ನೆತ್ತರು ತೆಗೆಸಿಕೊಂಡ 41 ಮಂದಿಯಲ್ಲಿ 18 ಮಂದಿಯೂ, ಆಮೇಲೆ ತೆಗೆಸಿಕೊಂಡ 36 ಮಂದಿಯಲ್ಲಿ 9 ಮಂದಿಯೂ ಸತ್ತಿದ್ದರು. ಬೇಗ ನೆತ್ತರು ತೆಗೆದರೆ ರೋಗಿ ಉಳಿಯುತ್ತಾನೆಂಬ ಮಾತಿಗೆ ಈ ಲೆಕ್ಕದಲ್ಲಿ ಆಧಾರ ಸಿಗಲಿಲ್ಲ. 1835ರಲ್ಲಿ ಅವನ ಗ್ರಂಥ ಪ್ರಕಟವಾಯಿತು. ವೈದ್ಯಲೋಕವು ಒಮ್ಮೆಗೇ ಒಪ್ಪದಿದ್ದರೂ ಕಾಲಕ್ರಮದಲ್ಲಿ ಈ ಚಿಕಿತ್ಸೆ ಹಿಂದೆ ಸರಿಯಿತು. ನೆತ್ತರಿನ ಕೆಂಪುಕಣಗಳು ಮಿತಿಮೀರಿ ಬೆಳೆಯುವಂತಹ ಕೆಲವೇ ರೋಗಗಳಲ್ಲಿ ಅದು ಇಂದಿಗೂ ಉಳಿದಿದೆ.

ಎಣಿಸದಿದ್ದರೆ ನಾವು ಹೇಗೆ ಮೋಸಹೋಗುತ್ತೇವೆ ಎಂಬುದಕ್ಕೆ ಹಾವಿನ ಕಡಿತವೇ ಒಳ್ಳೆಯ ನಿದರ್ಶನ. ನಮ್ಮ ನಾಡಿನ ಹಾವುಗಳಲ್ಲಿ ಹೆಚ್ಚಿನವು ವಿಷವಿಲ್ಲದವು. ವಿಷದ ಹಾವು ಕಚ್ಚಿದಾಗಲೂ ಕೆಲವು ವೇಳೆ ವಿಷ ಇಳಿದಿರುವುದಿಲ್ಲ. ಅಂತಹವನು ಏನು ಮಾಡಿದರೂ ಬದುಕುತ್ತಾನೆ. ಕೊಯ್ದು ನೆತ್ತರು ಹರಿಸಿದವರಿಗೆ ಕೀರ್ತಿ ಬರುತ್ತದೆ. ಬದುಕಿದವನು ಹತ್ತು ಊರಿಗೆ ಆ ಸುದ್ದಿಯನ್ನು ಹೇಳುತ್ತಾನೆ. ಸತ್ತವನ ವಿಷಯದಲ್ಲಿ ವಿಧಿಯ ಮೇಲೆ ಹೊಣೆ ಹೊರಿಸಿ ಎಲ್ಲರೂ ಸುಮ್ಮನಾಗುತ್ತಾರೆ. 2000ದಿಂದ 2019ರವರೆಗಿನ 20 ವರ್ಷಗಳಲ್ಲಿ ಭಾರತದಲ್ಲಿ ಹಾವಿನ ಕಡಿತದಿಂದ ಸುಮಾರು 12 ಲಕ್ಷ ಮಂದಿ ಸತ್ತರೆಂದು ವಿದ್ವಾಂಸರು ಅಂದಾಜು ಮಾಡಿದ್ದಾರೆ. ಅಂದರೆ ವರ್ಷಕ್ಕೆ ಸರಾಸರಿ 58,000. ಹೆಚ್ಚಿನ ಸಾವುಗಳಾಗುವ ರಾಜ್ಯಗಳಲ್ಲಿ ಆಂಧ್ರಪ್ರದೇಶವೂ ಒಂದು.

ಈಗ ಕೊಳಕುಮಂಡಲದ ವಿಷದ ಗುಣಕ್ಕೆ ಬರೋಣ. ಈ ಹಾವನ್ನು ಪಾಶ್ಚಾತ್ಯರು ರಸೆಲನ ಮಂಡಲವೆಂದು ಕರೆಯುತ್ತಾರೆ. ಈಸ್ಟ್ ಇಂಡಿಯಾ ಕಂಪನಿಯ ಸೇವೆಯಲ್ಲಿದ್ದ ಪ್ಯಾಟ್ರಿಕ್ ರಸೆಲ್ ಎಂಬ ವೈದ್ಯನು ತೆಲುಗು ಕರಾವಳಿಯ ಹಾವುಗಳನ್ನು ಸಂಗ್ರಹಿಸಿ, ಕೋಳಿ ಮತ್ತು ನಾಯಿಗಳ ಮೇಲೆ ವಿಷಗಳನ್ನು ಪರೀಕ್ಷಿಸಿ, 1796ರಲ್ಲಿ ದೊಡ್ಡ ಗ್ರಂಥವನ್ನು ಪ್ರಕಟಿಸಿದನು. ಜನರು ಹೇಳಿದ ದೇಶೀಯ ಹೆಸರುಗಳನ್ನೂ ಅವನು ಅದರಲ್ಲಿ ದಾಖಲಿಸಿದ್ದಾನೆ.

ನಮ್ಮ ದೇಹಕ್ಕೆ ಗಾಯವಾದಾಗ ನೆತ್ತರು ತಾನಾಗಿ ಹೆಪ್ಪುಗಟ್ಟಿ ಹರಿವನ್ನು ತಡೆಯುತ್ತದೆ. ಹೆಪ್ಪುಗಟ್ಟಲು ಬೇಕಾದ ದ್ರವ್ಯಗಳು ನೆತ್ತರಿನಲ್ಲಿಯೇ ಇರುವುವು. ಕೊಳಕುಮಂಡಲದ ವಿಷವು ಈ ದ್ರವ್ಯಗಳನ್ನು ಒಮ್ಮೆಗೇ ಕೆರಳಿಸಿ, ನೆತ್ತರಿನ ಒಳಗೇ ಅವು ವ್ಯಯವಾಗಿಹೋಗುವಂತೆ ಮಾಡುತ್ತದೆ. ಭಂಡಾರ ಬರಿದಾದ ಮೇಲೆ ನೆತ್ತರು ನೀರಿನಂತೆ ಹರಿಯುತ್ತದೆ. ವಸಡಿನಿಂದಲೂ ಮೂತ್ರದಲ್ಲಿಯೂ ಬರಬಹುದು. ಅಂತಹ ಮನುಷ್ಯನ ಕಾಲನ್ನು ಕೊಯ್ದರೆ ಆ ಗಾಯ ಮುಚ್ಚುವುದು ಹೇಗೆ? ಹರಿದುಹೋದ ನೆತ್ತರಿನೊಡನೆ ಹೋಗುವ ವಿಷವೂ ಅತ್ಯಲ್ಪ. ವಿಷದ ಹೆಚ್ಚಿನ ಭಾಗ ಕಡಿತದ ಸುತ್ತಣ ಮಾಂಸದಲ್ಲಿ ನೆಲೆಸಿ, ಅಲ್ಲಿಂದ ಮೈಗೆಲ್ಲ ಹಬ್ಬುತ್ತಿರುತ್ತದೆ. ಬಿಗಿದ ಹಗ್ಗವೂ ಕಾಲಿನ ಮಾಂಸವನ್ನು ಕೊಳೆಯಿಸಬಲ್ಲುದು.

ಆಸ್ಪತ್ರೆಯ ವೈದ್ಯರು ಮತ್ತೆ ಸಿರೆಯನ್ನು ಚುಚ್ಚಿದುದು ಈ ವಿಷಯವನ್ನು ತಿಳಿಯಲೆಂದೇ. ಅವರು ತೆಗೆದುದು 2 ಮಿಲಿಲೀಟರ್, ಅಂದರೆ ಅರ್ಧ ಚಮಚೆಗಿಂತಲೂ ಕಡಮೆ. ಅದನ್ನು ಶುಭ್ರವಾದ, ಒಣಗಿದ, ಹೊಸ ಗಾಜಿನ ನಳಿಕೆಗೆ ಹಾಕಿ, ಅಲುಗಿಸದೆ 20 ನಿಮಿಷ ಇಡುತ್ತಾರೆ. ಬಳಿಕ ಒಮ್ಮೆ ಓರೆಮಾಡಿ ನೋಡುತ್ತಾರೆ. ನೆತ್ತರು ಹೆಪ್ಪಾಗದೆ ಹರಿದರೆ ಮಂಡಲದ ವಿಷವು ಏರಿದೆಯೆಂದು ತಿಳಿಯುತ್ತದೆ. ಈ ಪರೀಕ್ಷೆಗೆ ವಿದ್ಯುತ್ತು ಬೇಡ, ದೊಡ್ಡ ಯಂತ್ರವೂ ಬೇಡ. ಸಣ್ಣ ಊರಿನ ಆಸ್ಪತ್ರೆಯಲ್ಲಿಯೂ ಮಾಡಬಹುದು. ನಾಗರ ಮತ್ತು ಕಟ್ಟುಹಾವುಗಳ ವಿಷವು ನರಗಳನ್ನು ಹಿಡಿಯುವುದರಿಂದ ಅಲ್ಲಿ ಈ ಪರೀಕ್ಷೆ ಸಾಲದು. ರೆಪ್ಪೆಗಳು ಜೋಲುತ್ತಿವೆಯೇ, ಉಸಿರಾಟ ಸರಾಗವಾಗಿದೆಯೇ ಎಂಬುದನ್ನು ವೈದ್ಯರು ಗಮನಿಸುತ್ತಿರುತ್ತಾರೆ.

ವಿಷಕ್ಕೆ ಇಂದು ಕೊಡುವ ಪ್ರತಿವಿಷವೂ ಸಿರೆಯಿಂದ ಬಂದುದೇ ಎಂಬುದು ಸ್ವಾರಸ್ಯದ ಸಂಗತಿ. 1890ರ ದಶಕದಲ್ಲಿ ಫ್ರಾನ್ಸಿನ ಆಲ್ಬರ್ಟ್ ಕಾಲ್ಮೆಟ್ ಈ ಮಾರ್ಗವನ್ನು ತೋರಿದನು. ಕುದುರೆಗೆ ಅತ್ಯಲ್ಪ ಪ್ರಮಾಣದಿಂದ ಮೊದಲುಮಾಡಿ ವಿಷವನ್ನು ಕ್ರಮಕ್ರಮವಾಗಿ ಕೊಡುತ್ತ ಹೋದರೆ, ಅದರ ನೆತ್ತರಿನಲ್ಲಿ ವಿಷವನ್ನು ಮುರಿಯುವ ಶಕ್ತಿ ಹುಟ್ಟುತ್ತದೆ. ಕುದುರೆಯ ಸಿರೆಯಿಂದ ನೆತ್ತರನ್ನು ತೆಗೆದು, ಅದರ ತಿಳಿಯನ್ನು ಶೋಧಿಸಿ ಔಷಧವನ್ನು ಸಿದ್ಧಪಡಿಸುತ್ತಾರೆ. ಭಾರತದಲ್ಲಿ ದೊರೆಯುವ ಪ್ರತಿವಿಷವು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕರ ವಿಷಕ್ಕೂ ಸಲ್ಲುತ್ತದೆ. ಇದಕ್ಕೆ ಬೇಕಾದ ಹಾವಿನ ವಿಷವನ್ನು ಒದಗಿಸುವುದರಲ್ಲಿ, 1978ರಲ್ಲಿ ಚೆನ್ನೈ ಬಳಿ ಸ್ಥಾಪಿತವಾದ ಇರುಳರ ಸಹಕಾರ ಸಂಘದ ಪಾತ್ರ ದೊಡ್ಡದು. ಹಾವು ಹಿಡಿಯುವ ವಿದ್ಯೆಯನ್ನು ಪರಂಪರೆಯಿಂದ ಬಲ್ಲ ಆ ಜನರು ಇಂದು ಲಕ್ಷಾಂತರ ಜೀವಗಳಿಗೆ ಆಸರೆಯಾಗಿದ್ದಾರೆ.

ಅಂದು ಆಸ್ಪತ್ರೆಯಲ್ಲಿ ಆ ಅಜ್ಜಿಯ ಪಕ್ಕದಲ್ಲಿಯೇ ನಾವು 20 ನಿಮಿಷ ಕಾದೆವು. ನಳಿಕೆಯನ್ನು ಓರೆಮಾಡಿದಾಗ ನೆತ್ತರು ನೀರಿನಂತೆ ಹರಿಯಿತು. ಕೂಡಲೇ ಪ್ರತಿವಿಷವನ್ನು ಸಿರೆಯ ಮೂಲಕ ಕೊಟ್ಟರು. ಆರು ಗಂಟೆಗಳ ಬಳಿಕ ಮತ್ತೆ ನೆತ್ತರನ್ನು ತೆಗೆದು ನೋಡಿದರು. ಆಗಲೂ ಹೆಪ್ಪುಗಟ್ಟಲಿಲ್ಲ, ಮತ್ತೆ ಔಷಧ ಕೊಟ್ಟರು. ಮೂರನೆಯ ಸಲ ನಳಿಕೆಯನ್ನು ಓರೆಮಾಡಿದಾಗ ನೆತ್ತರು ಅಲುಗಲಿಲ್ಲ. ದಾದಿಯೊಬ್ಬರು ಅದನ್ನು ಅಜ್ಜಿಗೆ ತೋರಿಸಿದರು. ಗಾಜಿನ ತಳದಲ್ಲಿ ಹೆಪ್ಪುಗಟ್ಟಿದ್ದ ಆ ಕೆಂಪನ್ನು ಕಂಡು ಆಕೆ ಕೈಮುಗಿದರು. ಆ ಮನುಷ್ಯ ಉಳಿದನು. ಕೊಯ್ದ ಗಾಯ ಮಾಯಲು ಮಾತ್ರ ಎರಡು ತಿಂಗಳು ಹಿಡಿಯಿತು. ಆ ವರ್ಷದ ಕಡಲೆಕಾಯಿ ಬೆಳೆ ಹೊಲದಲ್ಲಿಯೇ ಉಳಿಯಿತು.

ಹೀಗಿರಲು, ಹಿಂದಿನವರು ಅಜ್ಞರೆಂದು ಹಳಿಯುವುದು ನಮ್ಮ ಉದ್ದೇಶವಲ್ಲ. ತಮಗೆ ತಿಳಿದಷ್ಟರಲ್ಲಿ ಅವರು ಅಳತೆಯನ್ನೂ ನಿಷೇಧವನ್ನೂ ಕರುಣೆಯಿಂದ ವಿಧಿಸಿದ್ದರು. ಮಂಡಲದ ಕಡಿತವನ್ನು ಸುಡಬಾರದು, ಸುಟ್ಟರೆ ವಿಷ ಹಬ್ಬುತ್ತದೆ ಎಂದು ಸುಶ್ರುತನು ಪ್ರತ್ಯೇಕವಾಗಿ ಎಚ್ಚರಿಸಿದ್ದನು. ಕಾಲ ಕಳೆದಂತೆ ಶಾಸ್ತ್ರದ ಎಚ್ಚರ ಮರೆತುಹೋಗಿ ಶಸ್ತ್ರ ಮಾತ್ರ ಊರಲ್ಲಿ ಉಳಿಯಿತು. ಹಿಂದೆ ವಿಷವನ್ನು ಹೊರಹಾಕಲೆಂದು ಚುಚ್ಚುತ್ತಿದ್ದ ಸಿರೆಯನ್ನು ಇಂದು ವಿಷವಿದೆಯೇ ಎಂದು ತಿಳಿಯಲು ಚುಚ್ಚುತ್ತಾರೆ. ಈ ಒಂದು ವ್ಯತ್ಯಾಸವು ಮನೆಮನೆಗೂ ತಿಳಿದರೆ ಎಷ್ಟೋ ಜೀವಗಳು ಉಳಿಯುವುವು.

ಆದುದರಿಂದ ನಮ್ಮ ಕುಟುಂಬಗಳಲ್ಲಿ ವಿಜ್ಞಾಪನೆ. ಹಾವು ಕಚ್ಚಿದರೆ ಕೊಯ್ಯಬೇಡಿ, ಹೀರಬೇಡಿ, ಬಿಗಿದು ಕಟ್ಟಬೇಡಿ. ಕಾಲುಂಗುರ, ಬಳೆ, ಉಂಗುರಗಳನ್ನು ಕೂಡಲೇ ತೆಗೆಯಿರಿ. ಮೂಳೆ ಮುರಿದಾಗ ಮಾಡುವಂತೆ ಕೈಕಾಲು ಅಲುಗದಂತೆ ಪಟ್ಟಿ ಇಟ್ಟು, ನಡೆಯಗೊಡದೆ ಹೊತ್ತುಕೊಂಡು ಆಸ್ಪತ್ರೆಗೆ ಸಾಗಿಸಿರಿ, 108ಕ್ಕೆ ಕರೆಮಾಡಿರಿ. ಹಾವನ್ನು ಹುಡುಕುತ್ತ ಹೊತ್ತು ಕಳೆಯಬೇಡಿ. ರಾತ್ರಿ ನೆಲದ ಮೇಲೆ ಮಲಗುವವರನ್ನು ಕಟ್ಟುಹಾವು ನೋವೇ ತಿಳಿಯದಂತೆ ಕಚ್ಚಬಲ್ಲುದು. ಮಂಚವೂ ಸೊಳ್ಳೆಪರದೆಯೂ ಒಳ್ಳೆಯ ರಕ್ಷಣೆ. ವೈದ್ಯರು ನೆತ್ತರು ತೆಗೆಯುವಾಗ ಗಾಬರಿಯಾಗದಿರಿ. ಆರೋಗ್ಯವಂತನು ರಕ್ತದಾನದಲ್ಲಿ ಕೊಡುವುದೇ 350 ಅಥವಾ 450 ಮಿಲಿಲೀಟರ್. ಪರೀಕ್ಷೆಗೆ ತೆಗೆಯುವ 2 ಮಿಲಿಲೀಟರ್ ಅದರ ಮುಂದೆ ಏನೂ ಅಲ್ಲ.

2024ರಲ್ಲಿ ಭಾರತ ಸರಕಾರವು ಹಾವಿನ ಕಡಿತದ ಸಾವುಗಳನ್ನು 2030ರ ಹೊತ್ತಿಗೆ ಅರ್ಧಕ್ಕೆ ಇಳಿಸುವ ಯೋಜನೆಯನ್ನು ಪ್ರಕಟಿಸಿತು. ಅದೇ ವರ್ಷ ನೆರೆಯ ಕರ್ನಾಟಕವು ಹಾವಿನ ಕಡಿತದ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಬೇಕೆಂದು ವಿಧಿಸಿತು. ಲೂಯಿಯ ಎಣಿಕೆಯ ಪಾಠವೇ ಇಲ್ಲಿ ಮತ್ತೆ ಕಾಣುತ್ತದೆ. ಯೋಜನೆಗಳು ಸರಕಾರದವು; ಹೊಲದ ಬದುವಿನಲ್ಲಿ ಮೊದಲ ಹತ್ತು ನಿಮಿಷದ ತೀರ್ಮಾನ ಮನೆಯವರದು. ಆ ತೀರ್ಮಾನವನ್ನು ಅವರು ತಮ್ಮ ಮಾತಿನಲ್ಲಿಯೇ ಮಾಡುತ್ತಾರೆ. ಆರುನೂರು ವರ್ಷಗಳಿಗೂ ಹಿಂದೆ ಮಂಗರಾಜನು ವಿಷವೈದ್ಯವನ್ನು ಕನ್ನಡದಲ್ಲಿ ಬರೆದನು. ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಓದುತ್ತಿರುವ ಮಕ್ಕಳು ಇಂದಿನ ವಿಷವೈದ್ಯವನ್ನು ಕನ್ನಡದಲ್ಲಿ ತಿಳಿದು, ತಮ್ಮ ಅಜ್ಜಿಯರು ಕೇಳುವ ಪ್ರಶ್ನೆಗೆ ನಮ್ಮಂತೆ ತಡವರಿಸದೆ ಉತ್ತರ ಹೇಳಲೆಂದು ಹಾರೈಸಿ ಈ ಲೇಖನವನ್ನು ಮುಗಿಸುತ್ತೇವೆ.